ಯಾವ ಉದ್ಯಮ ಎಂಬುದಕ್ಕಿಂತ ಮೊದಲು ಯಾವ ಕಸುಬು ಎಂದು ಕೇಳಿಕೊಳ್ಳಿ

ಲೇತ್ ಯಂತ್ರದಲ್ಲಿ ಲೋಹ ಕಡೆಯುವ ಟರ್ನರ್ ಆಗಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದಾಗ ಒಂದೇ ರಾತ್ರಿ ಪಾಳಿಯಲ್ಲಿ ನಾನು ಹದಿನಾಲ್ಕು ಶಾಫ್ಟ್‌ಗಳನ್ನು ಕೆಡಿಸಿದೆ. ಬೇರಿಂಗ್ ಕೂರುವ ಜಾಗದಲ್ಲಿ ಶಾಫ್ಟಿನ ವ್ಯಾಸ 100 ಮಿಲಿಮೀಟರ್ ಇರಬೇಕಿತ್ತು. ಅದಕ್ಕಿಂತ ಹೆಚ್ಚಾಗುವಂತಿಲ್ಲ, ಕಡಿಮೆಯಾದರೂ 22 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಮೀರುವಂತಿಲ್ಲ ಎಂದು ಡ್ರಾಯಿಂಗ್‌ನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಪ್ರತಿಯೊಂದನ್ನೂ ಲೇತ್ ಮೇಲೆಯೇ ಮೈಕ್ರೋಮೀಟರ್‌ನಿಂದ ಅಳೆದಿದ್ದೆ, ಪ್ರತಿಯೊಂದೂ 99.995ರ ಆಸುಪಾಸಿನಲ್ಲಿತ್ತು, ಮನಸ್ಸಿಗೆ ಸಮಾಧಾನವಾಗಿತ್ತು. ಬೆಳಿಗ್ಗೆ ತಪಾಸಣಾ ಕೊಠಡಿಯಿಂದ ಕರೆ ಬಂತು. ಹದಿನಾಲ್ಕೂ ಅಳತೆಗಿಂತ ಸಣ್ಣದಾಗಿದ್ದವು. ಹೆಚ್ಚಾಗಿದ್ದರೆ ಮತ್ತೊಮ್ಮೆ ಕಡೆದು ಸರಿಪಡಿಸಬಹುದು, ಕಡಿಮೆಯಾದ ಉಕ್ಕನ್ನು ಮತ್ತೆ ತಂದು ಅಂಟಿಸುವುದಕ್ಕಾಗುವುದಿಲ್ಲ. ಎಲ್ಲವೂ ಸ್ಕ್ರ್ಯಾಪ್ ಪೆಟ್ಟಿಗೆಗೆ ಹೋದವು.

ನನಗೆ ಕೆಲಸ ಕಲಿಸುತ್ತಿದ್ದ ಹಿರಿಯ ಟರ್ನರ್ ಬೈಯಲಿಲ್ಲ. ಆಗಷ್ಟೇ ಲೇತ್‌ನಿಂದ ಇಳಿಸಿದ್ದ ಬೇರೊಂದು ಶಾಫ್ಟಿನ ಮೇಲೆ ನನ್ನ ಕೈ ಹಿಡಿದು ಇಡಿಸಿದರು. "ಬಿಸಿ ಇದ್ದಾಗಲೇ ಅಳೆದ್ಯಾ?" ಎಂದಷ್ಟೇ ಕೇಳಿದರು. ಆಮೇಲೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ಲೆಕ್ಕ ಬರೆದು ತೋರಿಸಿದರು. ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 100 ಮಿಲಿಮೀಟರ್ ವ್ಯಾಸಕ್ಕೆ ಅದು 1.15 ಮೈಕ್ರಾನ್. ಕಡೆಯುವಾಗ ಹುಟ್ಟಿದ ಶಾಖದಿಂದ ಶಾಫ್ಟ್ ಇಪ್ಪತ್ತು ಡಿಗ್ರಿ ಬಿಸಿಯಾಗಿದ್ದರೆ 23 ಮೈಕ್ರಾನ್ ಹಿಗ್ಗಿರುತ್ತದೆ. ಅಂದರೆ ಡ್ರಾಯಿಂಗ್ ಕೊಟ್ಟ ಸಡಿಲಿಕೆಯಷ್ಟನ್ನೂ ಬಿಸಿಯೊಂದೇ ನುಂಗಿಹಾಕಿರುತ್ತದೆ. ಡ್ರಾಯಿಂಗ್‌ನಲ್ಲಿರುವ ಅಳತೆಗಳೆಲ್ಲ 20 ಡಿಗ್ರಿ ಉಷ್ಣತೆಗೆ ಸಂಬಂಧಿಸಿದವು ಎಂಬ ಅಂತರರಾಷ್ಟ್ರೀಯ ಒಪ್ಪಂದ 1931ರಲ್ಲೇ ಆಗಿತ್ತೆಂದೂ, ಮಾನದಂಡಗಳನ್ನು ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಎಸ್‌ಒ 1951ರಲ್ಲಿ ಹೊರಡಿಸಿದ ಮೊತ್ತಮೊದಲ ಶಿಫಾರಸು ಇದೇ ವಿಷಯದ್ದೆಂದೂ ಬಹಳ ವರ್ಷಗಳ ನಂತರ ಓದಿ ತಿಳಿದುಕೊಂಡೆ.

ಆ ಕಾರ್ಖಾನೆಯ ಆ ವಿಭಾಗ ಈಗಿಲ್ಲ. ಅದು ಎಂಜಿನ್ ಬಿಡಿಭಾಗಗಳನ್ನು ಮಾಡುತ್ತಿತ್ತು, ಬೇಡಿಕೆ ಕುಸಿದು ಮುಚ್ಚಿಹೋಯಿತು. ಅಲ್ಲಿಂದ ನಾನು ಪಂಪ್ ತಯಾರಿಸುವಲ್ಲಿಗೆ, ಅಲ್ಲಿಂದ ಈಗ ಮೂಳೆಗೆ ಜೋಡಿಸುವ ಟೈಟೇನಿಯಂ ಇಂಪ್ಲಾಂಟ್‌ಗಳನ್ನು ಮಾಡುವ ಕಂಪನಿಯ ಅಳತೆ ಕೊಠಡಿಗೆ ಬಂದಿದ್ದೇನೆ. ಮೂರು ಉದ್ಯಮಗಳು, ಮೂರು ಬೇರೆ ಬೇರೆ ಮಾರುಕಟ್ಟೆಗಳು. ಆದರೆ ಮೂರರಲ್ಲೂ ನನಗೆ ಅನ್ನ ಕೊಟ್ಟಿದ್ದು ಆ ಬೆಳಿಗ್ಗೆ ನೆಲದ ಮೇಲೆ ಬರೆದ ಲೆಕ್ಕ, ಅದರ ಬೆನ್ನಿಗೆ ಕಲಿತ ಇನ್ನಷ್ಟು ವಿದ್ಯೆ.

ಇದನ್ನು ಈಗ ಬರೆಯುವುದಕ್ಕೆ ಕಾರಣ ಅಕ್ಕನ ಮಗಳು. ಡಿಪ್ಲೊಮಾ ಮುಗಿಸಿದ ಅವಳು "ಮಾವ, ಈಗ ಯಾವ ಇಂಡಸ್ಟ್ರಿ ಬೆಳೀತಾ ಇದೆ? ಅದಕ್ಕೇ ಸೇರ್ತೀನಿ" ಎಂದಳು. ಉತ್ಪಾದನಾ ಕ್ಷೇತ್ರಕ್ಕೆ ಬರಬೇಕೆಂದಿರುವ ಬಹುಪಾಲು ಯುವಕ ಯುವತಿಯರ ಪ್ರಶ್ನೆ ಇದೇ. ಬ್ಯಾಟರಿಯೋ, ಸೆಮಿಕಂಡಕ್ಟರೋ, ಸೌರಫಲಕವೋ, ವೈದ್ಯಕೀಯ ಉಪಕರಣವೋ ಎಂದು ಉದ್ಯಮದ ಹೆಸರು ಹಿಡಿದು ಹುಡುಕುತ್ತಾರೆ. ಅದು ತಪ್ಪೇನಲ್ಲ, ಬೆಳೆಯುವ ಕಡೆ ಹೊಸಬರಿಗೆ ಬಾಗಿಲು ಹೆಚ್ಚು ತೆರೆದಿರುತ್ತದೆ. ಆದರೆ ಉದ್ಯಮ ಎನ್ನುವುದು ನಾವು ಸೇರಿಕೊಳ್ಳುವ ಜಾಗ, ಕಸುಬು ಎನ್ನುವುದು ನಾವು ಜೊತೆಗೆ ಕೊಂಡೊಯ್ಯುವ ಸೊತ್ತು. ಜಾಗ ಹೋದರೂ ಸೊತ್ತು ಉಳಿಯುವಂತೆ ಆರಿಸಿಕೊಳ್ಳಬೇಕು ಎಂಬುದೇ ನಾನು ಅವಳಿಗೆ ಹೇಳಿದ್ದು, ಇಲ್ಲಿ ವಿವರವಾಗಿ ಹೇಳಲು ಹೊರಟಿರುವುದು.

ಚಾರ್ಲಿ ಟೇಲರ್ ಎಂಬ ಕುಶಲಕರ್ಮಿಯನ್ನು ನೆನೆಯಬೇಕು. ರೈಟ್ ಸಹೋದರರ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದವನು ಅವನು. 1903ರ ವಿಮಾನಕ್ಕೆ ಬೇಕಾದ ಹಗುರವಾದ ಎಂಜಿನ್ ಯಾವ ತಯಾರಕರಿಂದಲೂ ಸಿಗದೆ ಹೋದಾಗ, ಅಂಗಡಿಯಲ್ಲಿದ್ದ ಲೇತ್, ಡ್ರಿಲ್ ಪ್ರೆಸ್ ಮತ್ತು ಕೈ ಉಪಕರಣಗಳಿಂದ ಸುಮಾರು ಆರು ವಾರಗಳಲ್ಲಿ ಅದನ್ನು ಕಟ್ಟಿಕೊಟ್ಟ. ಕ್ರ್ಯಾಂಕ್‌ಶಾಫ್ಟನ್ನು ಉಕ್ಕಿನ ದಪ್ಪ ಹಲಗೆಯೊಂದರ ಮೇಲೆ ಗುರುತು ಹಾಕಿಕೊಂಡು, ಅಂಚಿನುದ್ದಕ್ಕೂ ರಂಧ್ರ ಕೊರೆದು, ಬೇಡದ ಭಾಗವನ್ನು ಬಡಿದು ತೆಗೆದು, ಉಳಿದದ್ದನ್ನು ಲೇತ್ ಮೇಲೆ ಕಡೆದು ಮಾಡಿದ. ವಿಮಾನ ಉದ್ಯಮ ಎಂಬುದೊಂದು ಆಗ ಲೋಕದಲ್ಲೇ ಇರಲಿಲ್ಲ. ಆ ಉದ್ಯಮಕ್ಕೆಂದು ತರಬೇತಿ ಪಡೆದವರು ಇರುವುದು ಹೇಗೆ ಸಾಧ್ಯ? ಸೈಕಲ್ ಅಂಗಡಿಯಲ್ಲಿದ್ದ ಕೈಗಳೇ ಆ ಕೆಲಸವನ್ನೂ ಮಾಡಿದವು.

ಇದು ಹಳೆಯ ಕಾಲದ ಮಾತು ಎನ್ನುವವರಿಗೆ ನಮ್ಮ ಜೇಬಿನಲ್ಲಿರುವ ಬ್ಯಾಟರಿಯನ್ನೇ ತೋರಿಸಬಹುದು. ಲಿಥಿಯಂ ಅಯಾನ್ ಬ್ಯಾಟರಿಯನ್ನು 1991ರಲ್ಲಿ ಮೊದಲು ಮಾರುಕಟ್ಟೆಗೆ ತಂದಿದ್ದು ಸೋನಿ. ಅದರ ರಸಾಯನಶಾಸ್ತ್ರಕ್ಕಾಗಿ 2019ರಲ್ಲಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಬಂದಿತು. ಆದರೆ ತೆಳುವಾದ ಲೋಹದ ಹಾಳೆಯ ಮೇಲೆ ಸಕ್ರಿಯ ವಸ್ತುವಿನ ಪದರವನ್ನು ಕಿಲೋಮೀಟರ್‌ಗಟ್ಟಲೆ ಉದ್ದಕ್ಕೂ ಒಂದೇ ದಪ್ಪದಲ್ಲಿ ಬಳಿಯುವ, ಒಣಗಿಸುವ, ಪಟ್ಟಿಯಾಗಿ ಸೀಳುವ ಕೆಲಸವಿದೆಯಲ್ಲ, ಅದರ ಅನುಭವ ಆ ಕಂಪನಿಗೆ ಬಂದಿದ್ದು ಆಡಿಯೊ ಮತ್ತು ವಿಡಿಯೊ ಕ್ಯಾಸೆಟ್‌ಗಳ ಟೇಪ್ ತಯಾರಿಕೆಯಿಂದ. ಟೇಪ್ ಕಾಣೆಯಾಯಿತು. ಸುರುಳಿಯಿಂದ ಸುರುಳಿಗೆ ಪದರ ಬಳಿಯುವ ವಿದ್ಯೆ ಇಂದಿನ ಬ್ಯಾಟರಿ ಕಾರ್ಖಾನೆಗಳ ಹೃದಯಭಾಗದಲ್ಲಿ ಕುಳಿತಿದೆ.

ಹಾಗಾದರೆ ಎಲ್ಲಿ ಹೋದರೂ ಬೇಡಿಕೆ ಇರುವ ಕಸುಬುಗಳು ಯಾವುವು ಎಂದರೆ, ನನ್ನ ಅನುಭವದಲ್ಲಿ ಮೊದಲ ಸ್ಥಾನ ಮೇಂಟೆನೆನ್ಸ್‌ಗೆ. ಹೊಸಬರು ಇದನ್ನು ಎಣ್ಣೆ ಹಚ್ಚುವ, ಬೋಲ್ಟ್ ಬಿಗಿ ಮಾಡುವ ಕೆಲಸ ಎಂದುಕೊಂಡು ದೂರ ಸರಿಯುತ್ತಾರೆ. ಇದಕ್ಕಿಂತ ದೊಡ್ಡ ನಷ್ಟ ಅವರಿಗೆ ಇನ್ನೊಂದಿಲ್ಲ. ಇಂದಿನ ಕಾರ್ಖಾನೆಯ ಯಂತ್ರದಲ್ಲಿ ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಗಾಳಿಯೊತ್ತಡ, ಹೈಡ್ರಾಲಿಕ್ಸ್, ಸಾಫ್ಟ್‌ವೇರ್ ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಅಷ್ಟನ್ನೂ ಕಂಡವರು ಕಡಿಮೆ, ಆದ್ದರಿಂದಲೇ ಮೆಕಾಟ್ರಾನಿಕ್ಸ್ ತಿಳಿದ ತಂತ್ರಜ್ಞರನ್ನು ಎಲ್ಲ ಉದ್ಯಮಗಳೂ ಹುಡುಕುತ್ತವೆ.

ನಾನು ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳುತ್ತೇನೆ. ಪಂಪ್ ಕಾರ್ಖಾನೆಯ ಜೋಡಣಾ ಸಾಲಿನಲ್ಲಿ ಒಂದು ಯಂತ್ರ ಗಂಟೆಗೊಮ್ಮೆಯೋ ಎರಡು ಗಂಟೆಗೊಮ್ಮೆಯೋ ತಾನಾಗಿ ನಿಲ್ಲುತ್ತಿತ್ತು. ಪರದೆಯ ಮೇಲೆ ಸೆನ್ಸರ್ ದೋಷ ಎಂದು ಬರುತ್ತಿತ್ತು. ಎರಡು ಬಾರಿ ಸೆನ್ಸರ್ ಬದಲಾಯಿಸಿದರು, ನಿಲ್ಲುವುದು ತಪ್ಪಲಿಲ್ಲ. ಮೂರನೆಯ ದಿನ ಬಂದ ತಂತ್ರಜ್ಞೆ ಯಾವ ಉಪಕರಣವನ್ನೂ ಕೈಗೆತ್ತಿಕೊಳ್ಳದೆ ನಲವತ್ತು ನಿಮಿಷ ಯಂತ್ರದ ಮುಂದೆ ನಿಂತು ನೋಡಿದಳು. ತೋಳು ಪೂರ್ತಿ ಚಾಚಿಕೊಂಡಾಗ ಮಾತ್ರ ನಿಲ್ಲುತ್ತಿದೆ ಎಂಬುದನ್ನು ಗಮನಿಸಿದಳು. ಯಂತ್ರದ ಚಲನೆಯನ್ನು ತಡೆದು, ಬೀಗ ಹಾಕಿ, ಸೆನ್ಸರ್‌ಗೆ ಮಾತ್ರ ವಿದ್ಯುತ್ ಉಳಿಸಿಕೊಂಡು, ಕೇಬಲ್ ಸರಪಳಿಯೊಳಗಿನ ತಂತಿಯನ್ನು ಬೆರಳುಗಳಿಂದ ಗೇಣು ಗೇಣಾಗಿ ಬಾಗಿಸುತ್ತ ಹೋದಳು. ಒಂದು ಕಡೆ ಬಾಗಿಸಿದಾಗ ಸೆನ್ಸರ್ ಮೇಲಿನ ಪುಟ್ಟ ಹಳದಿ ದೀಪ ಮಿಣುಕಿತು. ಹೊರಗಿನ ಪ್ಲಾಸ್ಟಿಕ್ ಹೊದಿಕೆ ಹೊಸದರಂತಿತ್ತು, ಒಳಗಿನ ತಾಮ್ರದ ಎಳೆಗಳು ಬಾಗಿ ಬಾಗಿ ತುಂಡಾಗಿದ್ದವು. ಪದೇ ಪದೇ ಬಾಗುವುದಕ್ಕೆಂದೇ ಮಾಡಿದ ಕೇಬಲ್ ಹಾಕಿದ ಮೇಲೆ ಆ ದೋಷ ಮತ್ತೆ ಬರಲಿಲ್ಲ. ಅವಳು ಮಾಡಿದ್ದನ್ನು ಚಾಕೊಲೇಟ್ ಕಾರ್ಖಾನೆಯಲ್ಲೂ ಮಾಡಬಹುದು, ಚಿಪ್ ಕಾರ್ಖಾನೆಯಲ್ಲೂ ಮಾಡಬಹುದು. ಊಹೆಯಿಂದ ಬಿಡಿಭಾಗ ಬದಲಾಯಿಸದೆ, ದೋಷ ಯಾವಾಗ ಬರುತ್ತದೆ ಮತ್ತು ಯಾವಾಗ ಬರುವುದಿಲ್ಲ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವ ಆ ಶಿಸ್ತಿಗೇ ಸಂಬಳ ಸಿಗುತ್ತದೆ.

ಈ ಕಸುಬಿಗೆ ಬರುವವರು ಪಿಎಲ್‌ಸಿ, ಅಂದರೆ ಬರೆದ ಪ್ರೋಗ್ರಾಮ್ ಪ್ರಕಾರ ಯಂತ್ರವನ್ನು ನಡೆಸುವ ಪುಟ್ಟ ಕಂಪ್ಯೂಟರನ್ನು ಕಲಿಯಲೇಬೇಕು. 1968ರಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಒಂದು ವಿಭಾಗ, ಹೊಸ ಮಾದರಿಯ ತಯಾರಿಕೆ ಶುರುವಾದಾಗಲೆಲ್ಲ ವಿದ್ಯುತ್ತಿನಿಂದ ಕೆಲಸ ಮಾಡುವ ಸ್ವಿಚ್ಚುಗಳಾದ ರಿಲೇಗಳ ಪೆಟ್ಟಿಗೆಯ ತಂತಿಗಳನ್ನು ಬಿಚ್ಚಿ ಮತ್ತೆ ಕಟ್ಟುವ ಕಷ್ಟದಿಂದ ಪಾರಾಗಲು ಬಯಸಿ ತನ್ನ ಬೇಡಿಕೆಯನ್ನು ಮುಂದಿಟ್ಟಿತು. ಡಿಕ್ ಮಾರ್ಲಿ ಮತ್ತವರ ಸಂಗಡಿಗರು ಮಾಡಿಕೊಟ್ಟ ಮೋಡಿಕಾನ್ 084 ಎಂಬ ಪಿಎಲ್‌ಸಿ ಅದಕ್ಕೆ ಉತ್ತರವಾಯಿತು. ರಿಲೇ ಚಿತ್ರ ಓದಬಲ್ಲ ಎಲೆಕ್ಟ್ರಿಷಿಯನ್ನರಿಗೆ ಅರ್ಥವಾಗಲೆಂದು ಏಣಿಯ ಮೆಟ್ಟಿಲುಗಳಂತೆ ಕಾಣುವ ಲ್ಯಾಡರ್ ಲಾಜಿಕ್‌ನಲ್ಲಿ ಪ್ರೋಗ್ರಾಮ್ ಬರೆಯುವ ಪದ್ಧತಿ ಬೆಳೆಯಿತು. ಅದಾಗಿ ಅರ್ಧ ಶತಮಾನ ಕಳೆದರೂ ಲ್ಯಾಡರ್ ಓದಲು ಬಾರದವರಿಗೆ ಯಂತ್ರದ ಮನಸ್ಸು ತಿಳಿಯುವುದಿಲ್ಲ.

ಎರಡನೆಯದು ಅಳತೆ ಮತ್ತು ಗುಣಮಟ್ಟದ ಕೆಲಸ. ಇದು ನನ್ನದೇ ಕಸುಬಾದ್ದರಿಂದ ಪಕ್ಷಪಾತ ಇದ್ದೀತು ಎಂದು ಓದುಗರು ಭಾವಿಸಿದರೂ ತೊಂದರೆಯಿಲ್ಲ. ವರ್ನಿಯರ್, ಮೈಕ್ರೋಮೀಟರ್, ಡಯಲ್ ಗೇಜ್‌ಗಳಿಂದ ಶುರುವಾಗಿ ಮೂರು ಅಕ್ಷಗಳಲ್ಲಿ ಅಳೆಯುವ ಸಿಎಂಎಂ ಯಂತ್ರದವರೆಗೆ ಕಲಿಯುವುದಕ್ಕೆ ಕೊನೆಯಿಲ್ಲ. ಅಳೆಯುವುದರ ಜೊತೆಗೆ ಅಳತೆಗಳ ನಡತೆಯನ್ನೂ ಓದಬೇಕು. 1924ರಲ್ಲಿ ವಾಲ್ಟರ್ ಶೂಹಾರ್ಟ್ ರೂಪಿಸಿದ ಕಂಟ್ರೋಲ್ ಚಾರ್ಟ್ ಮಾಡುವುದು ಅದನ್ನೇ: ಬಿಂದುಗಳು ಸಹಜವಾಗಿ ಏರಿಳಿಯುತ್ತಿವೆಯೋ, ಟೂಲ್ ಸವೆಯುತ್ತಿರುವುದರಿಂದ ಒಂದೇ ದಿಕ್ಕಿಗೆ ಜಾರುತ್ತಿವೆಯೋ ಎಂಬುದನ್ನು ಒಂದು ಭಾಗವೂ ರಿಜೆಕ್ಟ್ ಆಗುವ ಮುನ್ನವೇ ತೋರಿಸುತ್ತದೆ. ಟೆಲಿಫೋನ್ ಉಪಕರಣಗಳ ತಯಾರಿಕೆಗಾಗಿ ಹುಟ್ಟಿದ ಆ ಚಾರ್ಟ್ ಇಂದು ಔಷಧ ಮಾತ್ರೆಗಳ ತೂಕಕ್ಕೂ ಚಿಪ್‌ನ ಪದರದ ದಪ್ಪಕ್ಕೂ ಬಳಕೆಯಾಗುತ್ತದೆ.

ವೈದ್ಯಕೀಯ ಉಪಕರಣ, ಔಷಧ, ವಿಮಾನ ಬಿಡಿಭಾಗಗಳಂಥ ಕಡೆ ಕೆಲಸದ ಇನ್ನೊಂದು ಮುಖವಿದೆ, ಅದು ದಾಖಲೆ. ನಮ್ಮಲ್ಲಿ ವೈದ್ಯಕೀಯ ಉಪಕರಣಗಳ ಗುಣಮಟ್ಟ ವ್ಯವಸ್ಥೆಯ ಐಎಸ್‌ಒ 13485 ಮಾನದಂಡದ ಪ್ರಕಾರ, ಒಂದು ಇಂಪ್ಲಾಂಟ್ ಯಾವ ಕಚ್ಚಾ ಸರಳಿನಿಂದ ಬಂತು, ಯಾವ ಯಂತ್ರದಲ್ಲಿ ಯಾರು ಮಾಡಿದರು, ಯಾವ ಉಪಕರಣದಿಂದ ಅಳೆದರು, ಆ ಉಪಕರಣದ ಕ್ಯಾಲಿಬ್ರೇಷನ್ (ಅದು ಸರಿಯಾಗಿ ಅಳೆಯುತ್ತಿದೆಯೇ ಎಂಬ ಪರೀಕ್ಷೆ) ಯಾವಾಗ ಆಗಿತ್ತು ಎಂಬುದನ್ನೆಲ್ಲ ಹಿಂದಕ್ಕೆ ಹೋಗಿ ಹುಡುಕಿ ತೆಗೆಯುವಂತಿರಬೇಕು. ಮೊದಮೊದಲು ಇದು ಬರೀ ಕಾಗದದ ಹೊರೆ ಎನಿಸುತ್ತಿತ್ತು. ಆ ಭಾಗ ಇನ್ನೊಬ್ಬರ ಬೆನ್ನುಮೂಳೆಯೊಳಗೆ ಹೋಗಿ ಕೂರುತ್ತದೆ ಎಂದು ಮನಸ್ಸಿಗೆ ಬಂದ ದಿನದಿಂದ ಹಾಗೆನಿಸಿಲ್ಲ. ಅಚ್ಚುಕಟ್ಟಾಗಿ, ಪ್ರಾಮಾಣಿಕವಾಗಿ ಬರೆದಿಡುವ ಸ್ವಭಾವದವರಿಗೆ ಈ ಉದ್ಯಮಗಳು ಬಹಳ ಗೌರವದ ಜಾಗ ಕೊಡುತ್ತವೆ.

ಸಿಎನ್‌ಸಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಮ್ ಪ್ರಕಾರ ಲೋಹ ಕಡೆಯುವ ಯಂತ್ರಗಳ ವಿಷಯದಲ್ಲಿ ಎಚ್ಚರಿಕೆಯ ಮಾತು ಹೇಳಲೇಬೇಕಿದೆ. ಸಿಎನ್‌ಸಿ ಆಪರೇಟರ್ ಎಂಬ ಒಂದೇ ಹೆಸರಿನಡಿ ಎರಡು ಕೆಲಸಗಳು ಅಡಗಿವೆ. ಒಂದು, ಭಾಗವನ್ನು ಚಕ್‌ಗೆ ಹಾಕಿ, ಬಾಗಿಲು ಮುಚ್ಚಿ, ಹಸಿರು ಗುಂಡಿ ಒತ್ತಿ, ಮುಗಿದಾಗ ತೆಗೆದಿಡುವುದು. ಇನ್ನೊಂದು, ಡ್ರಾಯಿಂಗ್ ನೋಡಿ ಭಾಗವನ್ನು ಹೇಗೆ ಹಿಡಿಯಬೇಕು, ಯಾವ ಕ್ರಮದಲ್ಲಿ ಕಡೆಯಬೇಕು, ಯಾವ ಟೂಲ್ ಯಾವ ವೇಗದಲ್ಲಿ ಎಂದು ನಿರ್ಧರಿಸಿ, ಪ್ರೋಗ್ರಾಮ್ ಬರೆದು, ಮೊದಲ ಭಾಗವನ್ನು ಸರಿಯಾಗಿ ಹೊರತರುವುದು. ಎರಡನೆಯವರನ್ನು ಸೆಟ್ಟರ್ ಎನ್ನುತ್ತಾರೆ. ನಾನು ಕೆಲಸ ಮಾಡಿದ ಒಂದು ಕಡೆ ಎರಡು ವರ್ಷ ಗುಂಡಿ ಒತ್ತಿಸಿದರು. ಟೂಲ್ ಸವೆದಂತೆ ಅಳತೆಯನ್ನು ಸರಿಹೊಂದಿಸುವ ಟೂಲ್ ಆಫ್‌ಸೆಟ್ ಬದಲಾಯಿಸುವ ಅಧಿಕಾರವನ್ನೂ ಕೊಡದೆ ಕಂಟ್ರೋಲ್ ಪ್ಯಾನೆಲ್‌ನ ಕೀಲಿಕೈಯನ್ನು ಸೂಪರ್‌ವೈಸರ್ ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ಆ ಎರಡು ವರ್ಷಗಳ ಅನುಭವ ಪತ್ರ ನನ್ನ ಬಳಿ ಇದೆ, ಅನುಭವ ಇಲ್ಲ. ರೋಬೊ ಬಂದಾಗ ಮೊದಲು ಹೋಗುವುದು ಈ ಗುಂಡಿ ಒತ್ತುವ ಕೆಲಸವೇ ಆದ್ದರಿಂದ ಇದನ್ನು ನೋವಿನಿಂದಲೇ ಬರೆಯುತ್ತಿದ್ದೇನೆ.

ಯಂತ್ರಗಳು ಕೆಲಸ ಕಸಿಯುತ್ತವೆ ಎಂಬ ಭಯ ಆಧಾರವಿಲ್ಲದ್ದೇನಲ್ಲ. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಮೊದಲ ಕೈಗಾರಿಕಾ ರೋಬೊ ಯೂನಿಮೇಟ್‌ಗೆ ಕೊಟ್ಟ ಕೆಲಸ, ಕರಗಿದ ಲೋಹವನ್ನು ಅಚ್ಚಿಗೆ ಒತ್ತಿ ಭಾಗ ಮಾಡುವ ಡೈಕಾಸ್ಟಿಂಗ್ ಯಂತ್ರದಿಂದ ಸುಡುವ ಲೋಹದ ಭಾಗಗಳನ್ನು ಹೊರತೆಗೆಯುವುದು. ಆ ಕೆಲಸ ಮನುಷ್ಯನ ಕೈಯಿಂದ ಹೋಗಿದ್ದರಲ್ಲಿ ನನಗೆ ದುಃಖವಿಲ್ಲ. ಆದರೆ ಆ ಕೆಲಸದಿಂದ ಬದುಕುತ್ತಿದ್ದವರು ಇನ್ನೊಂದನ್ನು ಕಲಿಯಲು ಸಮಯವೂ ಸಂಬಳವೂ ಸಿಗಬೇಕಾಗುತ್ತದೆ, ಅದು ಎಲ್ಲ ಕಡೆ ಸಿಗುವುದಿಲ್ಲ. ರೋಬೊಗೆ ಹಿಡಿಕೆ ವಿನ್ಯಾಸ ಮಾಡುವವರು, ದಾರಿ ಕಲಿಸುವವರು, ಸುರಕ್ಷತಾ ಬೇಲಿ ಹಾಕುವವರು, ಕೆಟ್ಟಾಗ ಎಬ್ಬಿಸುವವರು ಬೇಕೇ ಬೇಕು. ಅವರ ಸಂಖ್ಯೆ ತೆಗೆದುಹಾಕಲ್ಪಟ್ಟವರಷ್ಟೇ ಇರುತ್ತದೆ ಎಂಬ ಭರವಸೆಯನ್ನು ಮಾತ್ರ ನಾನು ಯಾರಿಗೂ ಕೊಡಲಾರೆ.

ವೆಲ್ಡಿಂಗ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 45 ಡಿಗ್ರಿ ಓರೆಯಾಗಿ ಅಲುಗದಂತೆ ಹಿಡಿದ ಪೈಪಿನ ಸುತ್ತ ಬೆಸುಗೆ ಹಾಕುವ 6ಜಿ ಪರೀಕ್ಷೆ ತೇರ್ಗಡೆಯಾದವರನ್ನು ತೈಲ ಶುದ್ಧೀಕರಣ, ವಿದ್ಯುತ್ ಸ್ಥಾವರ, ಹಡಗು ಕಟ್ಟೆ, ಎಲ್ಲ ಕಡೆ ಕರೆಯುತ್ತಾರೆ. ಕಣ್ಣು ಕೈ ದಣಿದ ಮೇಲೆ ಅವರೇ ಎಕ್ಸ್-ರೇ, ಅಲ್ಟ್ರಾಸಾನಿಕ್ ಪರೀಕ್ಷೆಗಳನ್ನು ಕಲಿತು ಬೆಸುಗೆ ತಪಾಸಕರಾಗಬಹುದು. ಅಚ್ಚುಗಳನ್ನು ಮಾಡುವ ಟೂಲ್ ಅಂಡ್ ಡೈ ಮೇಕರ್ ಆಗಲು ಹೆಚ್ಚು ವರ್ಷ ಹಿಡಿಯುತ್ತದೆ, ಆದರೆ ಪ್ಲಾಸ್ಟಿಕ್ ಮುಚ್ಚಳದಿಂದ ಕಾರಿನ ಬಾಗಿಲವರೆಗೆ ಅಚ್ಚಿಲ್ಲದೆ ಯಾವುದೂ ಆಗುವುದಿಲ್ಲ.

ಇನ್ನು ಬೆಳೆಯುತ್ತಿರುವ ಉದ್ಯಮಗಳ ಸ್ವಂತ ಗುಣಗಳು. ವಿದ್ಯುತ್ ಕಾರಿನ ಬ್ಯಾಟರಿ ಸಾಮಾನ್ಯವಾಗಿ 400 ಅಥವಾ 800 ವೋಲ್ಟ್ ವ್ಯವಸ್ಥೆಯದಾಗಿರುವುದರಿಂದ, ಅದನ್ನು ಮುಟ್ಟುವ ಮೊದಲು ವಿದ್ಯುತ್ ಕಡಿದು, ಬೀಗ ಹಾಕಿ, ಇಲ್ಲವೆಂದು ಅಳೆದು ಖಚಿತಪಡಿಸಿಕೊಳ್ಳುವ ಅಭ್ಯಾಸ ರಕ್ತಗತವಾಗಬೇಕು. ಚಿಪ್ ಕಾರ್ಖಾನೆಯಲ್ಲಿ ಸಿಲಿಕಾನಿನ ತೆಳು ಬಿಲ್ಲೆಯಾದ 300 ಮಿಲಿಮೀಟರ್ ವೇಫರ್ ಮೇಲೆ ಕಣ್ಣಿಗೆ ಕಾಣದ ಧೂಳಿನ ಕಣವೂ ದೋಷ ತರುವುದರಿಂದ ಇಡೀ ಪಾಳಿ ಮೈತುಂಬ ಮುಚ್ಚಿದ ಉಡುಪಿನಲ್ಲಿ ಕಳೆಯಬೇಕು. ಮುಖ ಕೆರೆದುಕೊಳ್ಳುವುದಕ್ಕೂ ಯೋಚಿಸಬೇಕಾಗುತ್ತದೆ. ಗಾಳಿಯಂತ್ರದ ತಂತ್ರಜ್ಞರಾಗುವವರು ಇಡೀ ಮೈಗೆ ಸುರಕ್ಷತಾ ಪಟ್ಟಿ ಕಟ್ಟಿಕೊಂಡು ನೂರು ಮೀಟರ್ ಎತ್ತರದಲ್ಲಿ ಬೋಲ್ಟ್ ಬಿಗಿ ಪರೀಕ್ಷಿಸಬೇಕು. ಇವುಗಳಲ್ಲಿ ಯಾವುದು ತಮ್ಮ ಮೈಗೆ ಒಗ್ಗುತ್ತದೆ ಎಂದು ನೋಡಿಕೊಳ್ಳುವುದು ಯಾವುದು ಎಷ್ಟು ವೇಗವಾಗಿ ಬೆಳೆಯುತ್ತಿದೆ ಎಂಬುದಕ್ಕಿಂತ ಮುಖ್ಯ. ರಾತ್ರಿ ಪಾಳಿ ಮಾತ್ರ ಇವುಗಳಲ್ಲಿ ಹೆಚ್ಚಿನವಕ್ಕೆ ಸಮಾನ. ನಾನು ಹನ್ನೊಂದು ವರ್ಷ ಮಾಡಿದ್ದೇನೆ, ನಿದ್ದೆಯ ಲಯ ಇನ್ನೂ ಪೂರ್ತಿ ಮರಳಿಲ್ಲ.

ಕಲಿಯುವ ದಾರಿಯಾಗಿ ನನಗೆ ಅತ್ಯಂತ ಗೌರವವಿರುವುದು ಅಪ್ರೆಂಟಿಸ್‌ಶಿಪ್ ಮೇಲೆ. ಜರ್ಮನಿ 1969ರಲ್ಲೇ ವೃತ್ತಿ ತರಬೇತಿಗೆ ಕಾನೂನು ಮಾಡಿತು. ಅಲ್ಲಿನ ತಾಂತ್ರಿಕ ಕಸುಬುಗಳಲ್ಲಿ ಯುವಕರು ಸುಮಾರು ಮೂರೂವರೆ ವರ್ಷ, ವಾರದ ಕೆಲವು ದಿನ ಕಾರ್ಖಾನೆಯಲ್ಲಿ, ಉಳಿದ ದಿನ ಶಾಲೆಯಲ್ಲಿ, ಭತ್ಯೆ ಪಡೆಯುತ್ತಲೇ ಕಲಿಯುತ್ತಾರೆ. ಪುಸ್ತಕದಲ್ಲಿ ಓದಿದ್ದನ್ನು ಅದೇ ವಾರ ಕೈಯಿಂದ ಮುಟ್ಟಿ ನೋಡುವ ಅವಕಾಶ ಬೇರೆ ಯಾವ ದಾರಿಯಲ್ಲೂ ಇಷ್ಟು ಸಿಗುವುದಿಲ್ಲ.

ಸಂದರ್ಶನಕ್ಕೆ ಹೋದಾಗ ಕೆಲಸದ ಜಾಗವನ್ನೊಮ್ಮೆ ತೋರಿಸಿ ಎಂದು ವಿನಯದಿಂದ ಕೇಳಬೇಕು ಎಂದು ಅಕ್ಕನ ಮಗಳಿಗೆ ಹೇಳಿಕೊಟ್ಟೆ. ಒಳಗೆ ಹೋದ ಮೇಲೆ ಅಳತೆ ಉಪಕರಣಗಳ ಮೇಲೆ ಕ್ಯಾಲಿಬ್ರೇಷನ್ ಚೀಟಿ ಇದೆಯೇ, ಅದರ ದಿನಾಂಕ ಮುಗಿದಿದೆಯೇ ಎಂದು ನೋಡಬೇಕು. ಯಂತ್ರ ನಿಂತರೆ ಯಾರನ್ನು ಕರೆಯುತ್ತೀರಿ ಎಂದು ಅಲ್ಲಿದ್ದವರನ್ನು ಕೇಳಬೇಕು. ಹೊರಗಿನಿಂದ ಬರುವವರೆಗೆ ಕಾಯುತ್ತೇವೆ ಎಂದರೆ ಅಲ್ಲಿ ಕಲಿಯುವುದು ಕಡಿಮೆ. ನಮ್ಮವರೇ ಬಿಚ್ಚುತ್ತಾರೆ ಎಂದರೆ ಆ ಬಿಚ್ಚುವವರ ಪಕ್ಕದಲ್ಲಿ ನಿಲ್ಲುವ ಅವಕಾಶ ಇದೆ ಎಂದರ್ಥ. ಮೂರು ವರ್ಷದ ಹಿಂದೆ ಸೇರಿದವರು ಈಗ ಯಾವ ಕೆಲಸದಲ್ಲಿದ್ದಾರೆ ಎಂಬ ಪ್ರಶ್ನೆಯನ್ನಂತೂ ಮರೆಯಲೇಬಾರದು. ಅವಳು ಎರಡು ಕಡೆ ಇದನ್ನೆಲ್ಲ ಕೇಳಿದಳು. ಸಂಬಳ ಸ್ವಲ್ಪ ಕಡಿಮೆ ಇದ್ದ ಕಡೆ ಮೇಂಟೆನೆನ್ಸ್ ಅಪ್ರೆಂಟಿಸ್ ಆಗಿ ಸೇರಿದ್ದಾಳೆ. ಈಗ ಅವಳ ಬಳಿ ಒಂದು ನೋಟ್‌ಬುಕ್ ಇದೆ. ಯಂತ್ರ ನಿಂತ ಹೊತ್ತು, ಪರದೆಯ ಮೇಲೆ ಬಂದ ಸಂಕೇತ, ಎಲ್ಲರೂ ಮೊದಲು ಅನುಮಾನಪಟ್ಟಿದ್ದು ಏನು, ಕೊನೆಗೆ ಸಿಕ್ಕ ಕಾರಣ ಏನು ಎಂದು ನಾಲ್ಕು ಕಲಂಗಳಲ್ಲಿ ಬರೆಯುತ್ತಾಳೆ. ಮೂರನೆಯ ಕಲಮಿಗೂ ನಾಲ್ಕನೆಯದಕ್ಕೂ ಹೊಂದಾಣಿಕೆಯಾಗುವುದು ಬಲು ಅಪರೂಪವಂತೆ.

ನಲವತ್ತು ದಾಟಿದವರು, ತಮ್ಮ ವಿಭಾಗ ಮುಚ್ಚಿಹೋದವರು ಸಹ ನನ್ನನ್ನು ಕೇಳುವುದುಂಟು. ಅವರಿಗೆ ಹೊಸ ಉದ್ಯಮದ ಹೆಸರು ಹೇಳುವ ಮೊದಲು, ಈವರೆಗೆ ಮಾಡಿದ್ದನ್ನು ಉದ್ಯಮದ ಹೆಸರಿಲ್ಲದೆ ಒಂದು ಹಾಳೆಯ ಮೇಲೆ ಬರೆಯಿರಿ ಎನ್ನುತ್ತೇನೆ. "ಎಂಜಿನ್ ವಾಲ್ವ್ ಮಾಡುತ್ತಿದ್ದೆ" ಎಂದು ಬರೆದರೆ ಆ ದಾರಿ ಅಲ್ಲಿಗೇ ನಿಲ್ಲುತ್ತದೆ. "ಶಾಖದಿಂದ ಗಡಸಾಗಿಸಿದ ಉಕ್ಕನ್ನು ಹತ್ತು ಮೈಕ್ರಾನ್‌ನೊಳಗೆ ಗ್ರೈಂಡ್ ಮಾಡುತ್ತಿದ್ದೆ, ಉಜ್ಜುವ ಚಕ್ರವನ್ನು ನಾನೇ ಡ್ರೆಸ್ ಮಾಡಿ ಹರಿತಗೊಳಿಸುತ್ತಿದ್ದೆ, ಆರು ಜನರ ಪಾಳಿ ನೋಡಿಕೊಳ್ಳುತ್ತಿದ್ದೆ" ಎಂದು ಬರೆದರೆ ಶಸ್ತ್ರಚಿಕಿತ್ಸಾ ಉಪಕರಣ, ಬೇರಿಂಗ್, ಹೈಡ್ರಾಲಿಕ್ಸ್, ಟೂಲ್ ರೂಮ್, ಇಷ್ಟೂ ಕಡೆ ಅರ್ಜಿ ಹಾಕಬಹುದು. ನನ್ನ ವಿಭಾಗ ಮುಚ್ಚಿದಾಗ ನಾನು ಬರೆದ ಹಾಳೆಯಲ್ಲಿ ಏಳು ಸಾಲುಗಳಿದ್ದವು. ಮೊದಲ ಸಾಲು, 20 ಡಿಗ್ರಿಗೆ ತಣಿಸಿ ಅಳೆಯುವುದು ಗೊತ್ತು ಎಂದಿತ್ತು. ಪಂಪ್ ಕಾರ್ಖಾನೆಯಲ್ಲಿ ನನ್ನನ್ನು ಸಂದರ್ಶಿಸಿದವರು ಮಿಕ್ಕ ಆರನ್ನು ಬಿಟ್ಟು, ಅರ್ಧ ಗಂಟೆ ಅದೊಂದರ ಬಗ್ಗೆಯೇ ಮಾತಾಡಿದರು.